ಮಣ್ಣಿನ ಮದ್ದು

ಮಣ್ಣು ಎಂಬ ಮಾತಿಗೆ ನಮ್ಮ ಆಡುನುಡಿಯಲ್ಲಿ ಎರಡು ಮುಖಗಳುಂಟು. ಕೆಟ್ಟುಹೋದ ಕೆಲಸ ಮಣ್ಣುಪಾಲಾಯಿತೆನ್ನುತ್ತೇವೆ, ಸೋತವನು ಮಣ್ಣುಮುಕ್ಕಿದನೆನ್ನುತ್ತೇವೆ. ಅದೇ ಬಾಯಿಯಿಂದ ಹುಟ್ಟಿದೂರಿನ ಮಣ್ಣಿನ ಗುಣವನ್ನು ಹೊಗಳುತ್ತೇವೆ. ಚೌತಿಯ ದಿನ ಮಣ್ಣಿನ ಗಣಪನಿಗೆ ಕೈಮುಗಿಯುತ್ತೇವೆ. ಮದ್ದಿನ ವಿಷಯಕ್ಕೆ ಬಂದರೂ ಈ ಇಬ್ಬಗೆ ತಪ್ಪಿದ್ದಲ್ಲ. ಮಣ್ಣು ಮೈಯ ವಿಷವನ್ನೆಲ್ಲ ಹೀರಿ ತೆಗೆಯುತ್ತದೆ ಎನ್ನುವವರು ಒಂದು ಕಡೆ. ಮಣ್ಣೆಂದರೆ ಹೊಲಸು, ಅದರಲ್ಲೆಂಥ ಮದ್ದು ಎನ್ನುವವರು ಇನ್ನೊಂದು ಕಡೆ. ಈಗಂತೂ ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜತೆಗೆ, ನೀರಿನಲ್ಲಿ ಕದಡಿ ಕುಡಿಯಬೇಕೆಂದು ಹೇಳುವ ಜೇಡಿಮಣ್ಣಿನ ಪುಡಿಯೂ ಪೊಟ್ಟಣ ಕಟ್ಟಿಕೊಂಡು ಮಾರಾಟಕ್ಕೆ ಬಂದಿದೆ. ಗಾಳಿ, ನೀರು, ಅನ್ನಗಳ ಮೂಲಕ ಒಳಸೇರಿದ ವಿಷವನ್ನು ಅದು ಹೊರಗೆಳೆಯುವುದಂತೆ!

ಈ ಮಾತಿನಲ್ಲಿ ನಿಜವೆಷ್ಟು? ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಉಡುಪಿಯ ರಥಬೀದಿಯಿಂದ ಮಣಿಪಾಲದ ಗುಡ್ಡದವರೆಗೆ, ಕಾಪುವಿನ ಕಡಲತಡಿಯಿಂದ ಕಾರ್ಕಳದ ತೋಟಗಳವರೆಗೆ ಮಣ್ಣಿಗೂ ಮನುಷ್ಯನ ಮೈಗೂ ಇರುವ ನಂಟಿನ ಚರಿತ್ರೆ ಹರಡಿಕೊಂಡಿದೆ. ಅದನ್ನು ಒಮ್ಮೆ ಕ್ರಮವಾಗಿ ನೋಡೋಣ.

ಈ ಸೀಮೆಯಲ್ಲಿ ಬಾವಿ ತೋಡಿಸಿದವರಿಗೆ ನೆಲದ ಪದರುಗಳ ಪರಿಚಯ ತಾನಾಗಿಯೇ ಆಗುತ್ತದೆ. ಮೇಲೆ ಕೆಂಪುಮಣ್ಣು, ಅದರ ಕೆಳಗೆ ಮನೆ ಕಟ್ಟಲು ಕಡಿದು ತೆಗೆಯುವ ಮುರಕಲ್ಲು, ಮುರಕಲ್ಲಿನ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣಗಳ ನುಣುಪಾದ ಶೇಡಿಮಣ್ಣು. 1801ರಲ್ಲಿ ಕಾರ್ಕಳ, ಉಡುಪಿಗಳ ದಾರಿಯಾಗಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನೇ ಇಂಥ ಮುರಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರಿಟ್ಟವನು. ಅವನ ಪ್ರವಾಸದ ಗ್ರಂಥ 1807ರಲ್ಲಿ ಅಚ್ಚಾಯಿತು. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತು ಆ ಹೆಸರಿಗೆ ಮೂಲ. ಲಕ್ಷಾಂತರ ವರ್ಷಗಳ ಮಳೆ ಇಲ್ಲಿಯ ಬಂಡೆಯನ್ನು ತೊಳೆತೊಳೆದು, ಕರಗುವುದನ್ನೆಲ್ಲ ಕಡಲಿಗೆ ಕಳುಹಿಸಿ, ಉಳಿದುದನ್ನು ಮುರಕಲ್ಲೂ ಶೇಡಿಯೂ ಆಗಿ ಬಿಟ್ಟುಹೋಗಿದೆ. ಈ ಶೇಡಿಯಲ್ಲಿ ಹೆಚ್ಚಾಗಿರುವುದು ಕೆಯೋಲಿನೈಟ್ ಎಂಬ ಖನಿಜ. ಚೀನದಲ್ಲಿ ಪಿಂಗಾಣಿಗೆ ಬಳಸುತ್ತಿದ್ದ ಮಣ್ಣಿನ ಜಾತಿಯೇ ಇದು. ಈ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಶುಚಿಗಾಗಿ ಮಣ್ಣನ್ನು ಬಳಸುವುದು ನಮ್ಮಲ್ಲಿ ಬಹಳ ಹಳೆಯ ರೂಢಿ. ಸಾಬೂನು ಬರುವುದಕ್ಕೆ ಮುಂಚೆ ಕೈತೊಳೆಯಲು, ಪಾತ್ರೆ ಬೆಳಗಲು ಮಣ್ಣೂ ಬೂದಿಯೂ ಇದ್ದುವು. ಶೌಚಕ್ಕೆ ಎಷ್ಟು ಸಲ ಮಣ್ಣು ಹಚ್ಚಬೇಕೆಂಬುದನ್ನು ಮನುಸ್ಮೃತಿ ಲೆಕ್ಕವಿಟ್ಟು ಹೇಳುತ್ತದೆ. ಉಡುಪಿಯಲ್ಲಿ ಮಣ್ಣಿಗೆ ಸಿಕ್ಕಿದ ಗೌರವವಂತೂ ಇನ್ನೂ ದೊಡ್ಡದು. ಹದಿಮೂರನೆಯ ಶತಮಾನದಲ್ಲಿ ದ್ವಾರಕೆಯ ಕಡೆಯಿಂದ ಬಂದ ಹಡಗೊಂದು ಮಲ್ಪೆಯ ಹತ್ತಿರ ಅಪಾಯಕ್ಕೆ ಸಿಕ್ಕಿತೆಂದೂ, ಅದನ್ನು ಪಾರುಗಾಣಿಸಿದ ಮಧ್ವಾಚಾರ್ಯರು ಪ್ರತಿಫಲವಾಗಿ ಅದರಲ್ಲಿದ್ದ ಗೋಪೀಚಂದನದ ಗಡ್ಡೆಯನ್ನು ಕೇಳಿ ಪಡೆದರೆಂದೂ, ಆ ಗಡ್ಡೆಯೊಳಗೆ ಶ್ರೀಕೃಷ್ಣನ ಮೂರ್ತಿ ಇದ್ದಿತೆಂದೂ ಸಂಪ್ರದಾಯ ಹೇಳುವುದು ನಿಮಗೆ ತಿಳಿದ ಮಾತೇ. ಗೋಪೀಚಂದನವೆಂದರೆ ಹೆಸರಿಗೆ ಮಾತ್ರ ಚಂದನ. ವಸ್ತುತಃ ಅದು ಸೌರಾಷ್ಟ್ರದ, ದ್ವಾರಕೆಯ ಸಮೀಪದ ಹಳದಿ ಛಾಯೆಯ ನಯವಾದ ಮಣ್ಣು. ಇಂದಿಗೂ ಮಾಧ್ವರು ಅದನ್ನು ತೇಯ್ದು ಹಣೆ, ಎದೆ, ತೋಳುಗಳಲ್ಲಿ ನಾಮವಾಗಿಯೂ ಮುದ್ರೆಯಾಗಿಯೂ ಧರಿಸುತ್ತಾರೆ. ಚರ್ಮರೋಗವಿದ್ದವರು ಕುಕ್ಕೆ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತು ಮೃತ್ತಿಕಾ ಪ್ರಸಾದವನ್ನು ತಂದು ಹಚ್ಚಿಕೊಳ್ಳುವುದೂ ನಮ್ಮ ಜಿಲ್ಲೆಗಳಲ್ಲಿ ಮನೆಮಾತು. ಮನುಷ್ಯರ ಮಾತು ಹಾಗಿರಲಿ, ಕಟಪಾಡಿಯ ಅಥವಾ ಮಿಯಾರಿನ ಕಂಬಳಕ್ಕೆ ಹೋದವರು ಕೋಣಗಳ ಸ್ವಭಾವವನ್ನು ಬಲ್ಲರು. ಬಿಟ್ಟರೆ ಸಾಕು, ಕೆಸರು ಕಂಡಲ್ಲಿ ಮಲಗಿ ಮೈಗೆಲ್ಲ ಮೆತ್ತಿಕೊಳ್ಳುತ್ತವೆ. ಬಿಸಿಲಿಗೂ ನೊಣಕ್ಕೂ ಅವಕ್ಕೆ ಅದೇ ಕೊಡೆ, ಅದೇ ಕಂಬಳಿ.

ಈ ಎಲ್ಲ ಉದಾಹರಣೆಗಳಲ್ಲಿ ಒಂದು ಅಂಶವನ್ನು ನೀವು ಗಮನಿಸಿರಬಹುದು. ಮಣ್ಣಿನ ಬಳಕೆ ಇಲ್ಲಿ ಮೈಯ ಹೊರಗೆ. ಒಳಗೆ ಹೋದ ಮಣ್ಣನ್ನು ನಮ್ಮ ಹಿರಿಯರು ಬೇರೆಯೇ ಕಣ್ಣಿನಿಂದ ನೋಡಿದರು. ಚರಕಸಂಹಿತೆಯಲ್ಲಿ ಪಾಂಡುರೋಗವನ್ನು ಐದು ಬಗೆಯಾಗಿ ಎಣಿಸಿದೆ. ಐದನೆಯದು ಮಣ್ಣು ತಿನ್ನುವುದರಿಂದ ಬರುವ ಪಾಂಡು. ಮೈ ಬಿಳಿಚಿಕೊಂಡು ಬಲಗುಂದುವ ಈ ರೋಗವನ್ನು ಇಂದಿನ ವೈದ್ಯರು ರಕ್ತಹೀನತೆ ಎನ್ನುತ್ತಾರೆ. ಕೆಲವು ಜೇಡಿಮಣ್ಣುಗಳು ಅನ್ನದಲ್ಲಿರುವ ಕಬ್ಬಿಣದ ಅಂಶವನ್ನು ಹೊಟ್ಟೆಯಲ್ಲೇ ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲವೆಂದು ಈಗ ತಿಳಿದಿದೆ. ಬಸುರಿಯ ಬಯಕೆಯಲ್ಲಿಯೋ ಮಗುವಿನ ಚಟದಲ್ಲಿಯೋ ಮಣ್ಣು ತಿನ್ನುವುದನ್ನು ಕಂಡರೆ ನಮ್ಮ ಅಜ್ಜಿಯರು ಗದರುತ್ತಿದ್ದುದಕ್ಕೆ ಅರ್ಥವಿತ್ತು.

ಆದರೆ ಮಣ್ಣನ್ನು ಬೇಕೆಂದೇ, ವಿಷಕ್ಕೆ ಪ್ರತಿಯಾಗಿ, ನುಂಗಿದವರೂ ಚರಿತ್ರೆಯಲ್ಲಿ ಇದ್ದಾರೆ. ಗ್ರೀಸ್ ದೇಶದ ಲೆಮ್ನೋಸ್ ದ್ವೀಪದಲ್ಲಿ ಒಂದು ಗುಡ್ಡದ ಮಣ್ಣನ್ನು ತೊಳೆದು, ಬಿಲ್ಲೆ ಮಾಡಿ, ಮುದ್ರೆಯೊತ್ತಿ ಮಾರುತ್ತಿದ್ದರು. ಎರಡನೆಯ ಶತಮಾನದ ಪ್ರಸಿದ್ಧ ವೈದ್ಯ ಗೇಲನ್ ಇದನ್ನು ಕಣ್ಣಾರೆ ನೋಡಲೆಂದೇ ಅಲ್ಲಿಗೆ ಹೋಗಿ, 20,000 ಬಿಲ್ಲೆಗಳನ್ನು ಕೊಂಡುತಂದನು. ಈ 'ಮುದ್ರೆಮಣ್ಣಿ'ನ ಕೀರ್ತಿ ಸಾವಿರಾರು ವರ್ಷ ಯೂರೋಪಿನಲ್ಲಿ ಉಳಿಯಿತು. 1581ರಲ್ಲಿ ಜರ್ಮನಿಯ ಒಂದು ಸಂಸ್ಥಾನದಲ್ಲಿ ಮರಣದಂಡನೆಗೆ ಗುರಿಯಾದ ಕಳ್ಳನೊಬ್ಬನು, ತನಗೆ ಬೇಕಾದ ವಿಷವನ್ನು ಕೊಟ್ಟು ಕೂಡಲೆ ಈ ಬಗೆಯ ಮಣ್ಣನ್ನೂ ಕೊಡಬೇಕೆಂದು ಬೇಡಿಕೊಂಡನಂತೆ. ಪಾದರಸದ ಘೋರ ಲವಣವನ್ನು ನುಂಗಿಸಿ, ಒಡನೆಯೆ ದ್ರಾಕ್ಷಾರಸದಲ್ಲಿ ಕದಡಿದ ಮಣ್ಣನ್ನು ಕುಡಿಸಿದರು. ಆತನು ಬಹಳ ನರಳಿದರೂ ಸಾಯಲಿಲ್ಲ. ಇಲ್ಲಿ 'ಒಡನೆಯೆ' ಎಂಬ ಮಾತೇ ಮುಖ್ಯ. ವಿಷವೂ ಮಣ್ಣೂ ಹೊಟ್ಟೆಯಲ್ಲಿ ಒಂದನ್ನೊಂದು ಸಂಧಿಸಿದುವು. ತಡವಾಗಿದ್ದರೆ ಕಥೆ ಬೇರೆಯಾಗುತ್ತಿತ್ತು.

ನಮ್ಮ ದೇಶಕ್ಕೆ ಮಣ್ಣಿನ ಚಿಕಿತ್ಸೆ ಹೊಸ ರೂಪದಲ್ಲಿ ಬಂದುದು ಗಾಂಧೀಜಿಯವರಿಂದ. ಜರ್ಮನಿಯ ಅಡಾಲ್ಫ್ ಯುಸ್ಟ್ ಎಂಬವನು ನಿಸರ್ಗಕ್ಕೆ ಮರಳಿರೆಂದು ಸಾರುವ ಪುಸ್ತಕವನ್ನು 1896ರಲ್ಲಿ ಬರೆದಿದ್ದನು. ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿದ್ದಾಗ ಅದನ್ನು ಓದಿ, ಒದ್ದೆಮಣ್ಣನ್ನು ಬಟ್ಟೆಯಲ್ಲಿ ಹರಡಿ ಕಿಬ್ಬೊಟ್ಟೆಗೆ ಕಟ್ಟಿಕೊಳ್ಳುವ ಪದ್ಧತಿಯನ್ನು ತಮ್ಮ ಮೇಲೆಯೇ ಪ್ರಯೋಗಿಸಿದರು. 1904ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಪ್ಲೇಗು ಹಬ್ಬಿದಾಗ ಮೂವರು ರೋಗಿಗಳಿಗೆ ಅವರು ಮಣ್ಣಿನ ಪಟ್ಟಿ ಕಟ್ಟಿದರು. ಅವರಲ್ಲಿ ಇಬ್ಬರು ಬದುಕಿದರು. ಉಳಿದವರೆಲ್ಲ ತೀರಿಕೊಂಡರು. ಇದನ್ನು ತಮ್ಮ ಆತ್ಮಕಥೆಯಲ್ಲಿ ಬರೆಯುವಾಗ, ಆ ಇಬ್ಬರು ಹೇಗೆ ಉಳಿದರೆಂದು ಹೇಳಲು ಸಾಧ್ಯವಿಲ್ಲವೆಂಬುದನ್ನೂ ಅವರು ಸೇರಿಸಿದ್ದಾರೆ. ಮುಂದೆ ಆಗಾಖಾನ್ ಅರಮನೆಯ ಸೆರೆಯಲ್ಲಿದ್ದಾಗ ಆರೋಗ್ಯದ ಬಗೆಗೆ ಬರೆದ ಪುಸ್ತಕದಲ್ಲಿಯೂ ಇದೇ ಪ್ರಾಮಾಣಿಕತೆ ಕಾಣುತ್ತದೆ. ಕಣಜ ಕಚ್ಚಿದಲ್ಲಿ ಮಣ್ಣು ಹಚ್ಚಿದರೆ ಉರಿ ಇಳಿಯುತ್ತದೆ, ಚೇಳಿನ ವಿಷಕ್ಕೆ ಅಷ್ಟು ಗುಣ ಕಾಣಲಿಲ್ಲ, ಮಣ್ಣನ್ನು ತಿನ್ನುವುದನ್ನು ತಾವು ಪ್ರಯೋಗಿಸಿಲ್ಲ ಎಂಬ ಅಭಿಪ್ರಾಯ ಅಲ್ಲಿದೆ.

ಗಾಂಧೀಜಿ ಉಡುಪಿಗೆ ಬಂದುದು 1934ರ ಫೆಬ್ರವರಿಯಲ್ಲಿ, ಹರಿಜನ ಪ್ರವಾಸದ ಸಂದರ್ಭದಲ್ಲಿ. ಅವರು ಪ್ರಚಾರ ಮಾಡಿದ ಪ್ರಕೃತಿ ಚಿಕಿತ್ಸೆ ಇಂದು ಈ ಸೀಮೆಯಲ್ಲಿ ಚೆನ್ನಾಗಿ ಬೇರೂರಿದೆ. ಧರ್ಮಸ್ಥಳದ ಮಂಜುನಾಥೇಶ್ವರ ಸಂಸ್ಥೆಯವರು ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆಯ ಕಾಲೇಜನ್ನು 1989ರಲ್ಲಿ ತೆರೆದರು. ಮಣಿಪಾಲಕ್ಕೆ ಸಮೀಪದ ಪರೀಕದಲ್ಲಿ ಅವರದೇ 'ಸೌಖ್ಯವನ' ಆಸ್ಪತ್ರೆ ಉಂಟು. ಇಂಥಲ್ಲಿ ಹೊಟ್ಟೆಗೆ, ಕಣ್ಣಿಗೆ ಮಣ್ಣಿನ ಪಟ್ಟಿ ಹಾಕುತ್ತಾರೆ; ಮೈಗೆಲ್ಲ ಮಣ್ಣು ಬಳಿದು ಸ್ನಾನ ಮಾಡಿಸುತ್ತಾರೆ. ಒದ್ದೆಮಣ್ಣು ಬಹಳ ಹೊತ್ತು ತಂಪಾಗಿರುತ್ತದೆ. ಮೈಯ ಕಾವನ್ನು ನಿಧಾನವಾಗಿ ಎಳೆದುಕೊಳ್ಳುತ್ತದೆ. ಚರ್ಮದ ಜಿಡ್ಡನ್ನು ಹೀರುತ್ತದೆ. ದಣಿದ ಮೈಗೆ ಅದರಿಂದ ಹಾಯೆನಿಸುವುದು ಸಹಜ. ಆದರೆ ತಂಪು ಬೇರೆ, ವಿಷವನ್ನು ತೆಗೆಯುವುದು ಬೇರೆ. ರಕ್ತದಲ್ಲಿ ಬೆರೆತುದನ್ನು ಸೋಸಿ ಹೊರಹಾಕುವುದಕ್ಕೆ ಭಗವಂತ ನಮಗೆ ಪಿತ್ತಜನಕಾಂಗವನ್ನೂ ಮೂತ್ರಪಿಂಡಗಳನ್ನೂ ಕೊಟ್ಟಿದ್ದಾನೆ. ಚರ್ಮದ ಮೇಲಿನ ಮಣ್ಣಿಗೆ ಅಲ್ಲಿಯವರೆಗೆ ಕೈ ಚಾಚಲಾಗದು.

ಹಾಗಾದರೆ ಮಣ್ಣು ವಿಷವನ್ನು ಹಿಡಿಯುವುದೆಂಬುದು ಬರಿಯ ಮಾತೆ? ಅಲ್ಲ. ಜೇಡಿಮಣ್ಣಿನ ಕಣ ಒಂದು ಪುಸ್ತಕವಿದ್ದಂತೆ; ತೆಳುವಾದ ಹಾಳೆಗಳು ಒಂದರ ಮೇಲೊಂದು. ಆ ಹಾಳೆಗಳ ಮೇಲೆ ಋಣ ವಿದ್ಯುದಂಶವಿರುವುದರಿಂದ ಧನ ವಿದ್ಯುದಂಶವಿರುವ ವಸ್ತು ಬಂದರೆ ಅದನ್ನು ಎಳೆದು ಅಂಟಿಸಿಕೊಳ್ಳುತ್ತವೆ. ನಮ್ಮ ಶೇಡಿಯ ಕೆಯೋಲಿನೈಟಿನಲ್ಲಿ ಹಾಳೆಗಳು ಬಿಗಿಯಾಗಿ ಕೂಡಿಕೊಂಡಿವೆ. ಒಂದು ಗ್ರಾಂ ಮಣ್ಣಿನಲ್ಲಿ ಸುಮಾರು 10ರಿಂದ 20 ಚದರ ಮೀಟರಿನಷ್ಟು ಮೇಲ್ಮೈ ಮಾತ್ರ ಸಿಗುತ್ತದೆ. ಮುಲ್ತಾನಿ ಮಿಟ್ಟಿಯಲ್ಲಿಯೂ ಧಾರವಾಡ, ವಿಜಯಪುರಗಳ ಎರೆಮಣ್ಣಿನಲ್ಲಿಯೂ ಇರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜದಲ್ಲಾದರೋ ಹಾಳೆಗಳು ನೀರು ಬಿದ್ದೊಡನೆ ಬಿಚ್ಚಿಕೊಳ್ಳುತ್ತವೆ. ಆಗ ಒಂದು ಗ್ರಾಮಿನಲ್ಲಿಯೇ ಸುಮಾರು 700ರಿಂದ 800 ಚದರ ಮೀಟರು ಮೇಲ್ಮೈ ತೆರೆಯುತ್ತದೆ. ಎರೆಭೂಮಿ ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದಕ್ಕೂ ಕಾರಣ ಇದೇ. ಆದುದರಿಂದ ಮಣ್ಣೆಲ್ಲ ಒಂದೇ ಅಲ್ಲ. ವಿಷವೆಲ್ಲ ಒಂದೇ ಅಲ್ಲ. ಯಾವ ಮಣ್ಣು, ಯಾವ ವಿಷ, ಎಲ್ಲಿ, ಎಷ್ಟು ಹೊತ್ತಿನೊಳಗೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಲೇಬೇಕು.

ಈ ನಾಲ್ಕಕ್ಕೂ ಸ್ಪಷ್ಟವಾದ ಉತ್ತರ ದೊರೆತ ಒಂದು ಪ್ರಸಂಗವುಂಟು. ಅದು ನಮ್ಮ ತೋಟಗಳಿಗೂ ಸಂಬಂಧಿಸಿದುದು. ಪ್ಯಾರಾಕ್ವಾಟ್ ಎಂಬ ಕಳೆನಾಶಕ 1962ರಲ್ಲಿ ಇಂಗ್ಲೆಂಡಿನಿಂದ ಮಾರುಕಟ್ಟೆಗೆ ಬಂದಿತು. ಹಸುರು ಎಲೆಗೆ ತಾಗಿದರೆ ಎಲೆ ಸುಡುತ್ತದೆ. ನೆಲಕ್ಕೆ ಬಿದ್ದರೆ ಅಲ್ಲಿಯೇ ನಿಷ್ಕ್ರಿಯವಾಗುತ್ತದೆ. ಏಕೆಂದರೆ ಅದರ ಅಣುವಿನಲ್ಲಿ ಧನ ವಿದ್ಯುದಂಶವಿದೆ. ಮಣ್ಣು ಅದನ್ನು ಹಿಡಿದು ಬಿಡುವುದೇ ಇಲ್ಲ. ಅಡಿಕೆ, ರಬ್ಬರು, ತೆಂಗುಗಳ ಬುಡಕ್ಕೆ ಕೇಡಾಗದೆ ಕಳೆ ಮಾತ್ರ ಸಾಯುವುದರಿಂದ ಕೃಷಿಕರು ಅದನ್ನು ಮೆಚ್ಚಿದರು. ಆದರೆ ಮನುಷ್ಯನ ಹೊಟ್ಟೆಗೆ ಹೋದರೆ ಅದು ಶ್ವಾಸಕೋಶವನ್ನೂ ಮೂತ್ರಪಿಂಡಗಳನ್ನೂ ಕೆಡಿಸುವ ಭಯಂಕರ ವಿಷ. ಅದಕ್ಕೆ ನೇರವಾದ ಪ್ರತಿವಿಷ ಇಂದಿಗೂ ಇಲ್ಲ. ಗದ್ದೆಯಲ್ಲಿ ಮಣ್ಣು ಮಾಡುವ ಕೆಲಸವನ್ನು ಹೊಟ್ಟೆಯಲ್ಲಿಯೂ ಏಕೆ ಮಾಡಬಾರದೆಂದು ವಿಜ್ಞಾನಿಗಳು ಯೋಚಿಸಿದರು. 1970ರ ದಶಕದ ಆರಂಭದಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಯಿತು. ಬೆಂಟೊನೈಟ್ ಮಣ್ಣು ಹಾಗೂ 'ಫುಲ್ಲರ್ಸ್ ಅರ್ಥ್', ಎಂದರೆ ನಮ್ಮ ಮುಲ್ತಾನಿ ಮಿಟ್ಟಿಯ ಬಂಧು, ಬೇಗನೆ ಕೊಟ್ಟಾಗ ವಿಷವನ್ನು ಕರುಳಿನಲ್ಲೇ ಹಿಡಿದುವು. ಅಂದಿನಿಂದ ಈ ಮಣ್ಣು ಆಸ್ಪತ್ರೆಯ ಔಷಧಗಳ ಸಾಲಿಗೆ ಸೇರಿತು. ಅದು ಇಲ್ಲದಲ್ಲಿ ವೈದ್ಯರು ವಿಶೇಷವಾಗಿ ಸಿದ್ಧಪಡಿಸಿದ ಇದ್ದಿಲಿನ ಪುಡಿಯನ್ನು ಕೊಡುತ್ತಾರೆ.

ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ 1953ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಹೆಸರು ಎಲ್ಲರಿಗೂ ಗೊತ್ತು. ಕರಾವಳಿ, ಮಲೆನಾಡುಗಳ ಊರುಗಳಿಂದ ಕೃಷಿವಿಷದ ತೊಂದರೆಗೆ ಸಿಕ್ಕಿದವರನ್ನು ಕರೆತರುವ ದೊಡ್ಡ ಆಸ್ಪತ್ರೆಗಳಲ್ಲಿ ಅದರದೂ ಒಂದು. ಇಂಥ ರೋಗಿಯ ವಿಷಯದಲ್ಲಿ ವೈದ್ಯರು ಮೊದಲು ಕೇಳುವುದು, ಎಷ್ಟು ಹೊತ್ತಾಯಿತೆಂದು. ಮಣ್ಣಿನ ಅಧಿಕಾರ ಕರುಳಿನಲ್ಲಿ ಮೊದಲ ಕೆಲವು ಗಂಟೆಗಳವರೆಗೆ ಮಾತ್ರ. ರಕ್ತಕ್ಕೆ ಸೇರಿದ ಮೇಲೆ ಎಷ್ಟು ಮಣ್ಣು ಕುಡಿಸಿದರೂ ವ್ಯರ್ಥ. ಆದುದರಿಂದ ಮನೆಮದ್ದಿಗಾಗಿ ಕಳೆದ ಪ್ರತಿಯೊಂದು ಗಳಿಗೆಯೂ ನಷ್ಟವೆಂದೇ ತಿಳಿಯಬೇಕು. ಶರಬತ್ತಿನ ಸೀಸೆಯಲ್ಲಿ ಕಳೆನಾಶಕವನ್ನು ತುಂಬಿಡುವ ಅಭ್ಯಾಸ ನಿಮ್ಮ ತೋಟದ ಮನೆಯಲ್ಲಿದ್ದರೆ ಇಂದೇ ನಿಲ್ಲಿಸಿರಿ. ಬಾಯಾರಿದ ಕೂಲಿಯಾಳಿಗಾಗಲಿ ಆಡುವ ಮಗುವಿಗಾಗಲಿ ಸೀಸೆಯ ಒಳಗೇನಿದೆಯೆಂದು ತಿಳಿಯುವುದು ಹೇಗೆ?

ಮಣ್ಣು ಹೊಟ್ಟೆಯಲ್ಲಿ ಕೆಲಸಕ್ಕೆ ಬಂದ ಇನ್ನೊಂದು ಸಂದರ್ಭ ಬೂಸ್ಟಿನದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿಕೋಳಿಗಳು ಸತ್ತುವು. ಕಾರಣ ಹುಡುಕಿದಾಗ, ಅವಕ್ಕೆ ಹಾಕಿದ ನೆಲಗಡಲೆ ಹಿಂಡಿಯ ಬೂಸ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಸಿಕ್ಕಿತು. ಮಳೆಗಾಲದಲ್ಲಿ ಕೊಬ್ಬರಿಯೂ ಹಿಂಡಿಯೂ ಬೂಸ್ಟು ಹಿಡಿಯುವುದನ್ನು ನಾವು ಕಾಣದವರೇನೂ ಅಲ್ಲ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಟೆಕ್ಸಾಸಿನ ಸಂಶೋಧಕರು, ಕೋಳಿಯ ಮೇವಿಗೆ ಆರಿಸಿದ ಒಂದು ಬಗೆಯ ಜೇಡಿಮಣ್ಣನ್ನು ಸ್ವಲ್ಪ ಬೆರೆಸಿದರೆ ಈ ವಿಷ ಮಣ್ಣಿಗಂಟಿಕೊಂಡು ಹಿಕ್ಕೆಯಲ್ಲಿ ಹೊರಹೋಗುವುದೆಂದು ತೋರಿಸಿದರು. ಈಗ ಹಲವೆಡೆ ಪಶು, ಕೋಳಿಗಳ ಆಹಾರದಲ್ಲಿ ಇಂಥ ಮಣ್ಣು ಸೇರುತ್ತದೆ. ಚರ್ಮದ ಮೇಲೆ ಬಿದ್ದ ರಾಸಾಯನಿಕ ವಿಷವನ್ನು ಹೀರಿ ತೆಗೆಯಲು ಹಲವು ದೇಶಗಳ ಸೈನಿಕರು ಫುಲ್ಲರ್ಸ್ ಅರ್ಥನ್ನು ಜತೆಗಿಟ್ಟುಕೊಂಡುದೂ ಉಂಟು. ಕೆಯೋಲಿನ್ ಬೆರೆತ ಬಿಳಿಯ ಔಷಧವನ್ನು ಭೇದಿಗೆ ಕೊಡುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬಹುದು. ನಮ್ಮ ಶೇಡಿಯ ಸಂಬಂಧಿ ಅದು.

ಇನ್ನು ಮಣ್ಣಿನ ಕೈಗೆ ಎಟುಕದ ವಿಷಗಳು. ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ನಮ್ಮ ಕಡೆಯ ಗೇರುತೋಟಗಳ ಸುತ್ತಲ ಹಳ್ಳಿಗಳೂ ಅದರ ಪಾಡನ್ನು ಅನುಭವಿಸಿದುವು. ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಅದನ್ನು ನಿಷೇಧಿಸಿತು. ಆ ವಿಷ ಕೊಬ್ಬಿನಲ್ಲಿ ಕರಗಿ ಮೈಯೊಳಗೆ ನೆಲೆಸುವಂಥದು. ಕಾಪು ತಾಲೂಕಿನ ಎಲ್ಲೂರಿನಲ್ಲಿ 1,200 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ನಿಂತ ಮೇಲೆ ಹಾರುಬೂದಿಯ ಬಗೆಗೆ ಊರವರ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಉಸಿರಿನೊಂದಿಗೆ ಶ್ವಾಸಕೋಶಕ್ಕಿಳಿದ ಧೂಳನ್ನು ಹೊಟ್ಟೆಯ ಮೇಲಿನ ಮಣ್ಣುಪಟ್ಟಿ ಹೊರಗೆಳೆಯಲಾರದು. ಕೊಬ್ಬಿನಲ್ಲಿ ಸೇರಿದ ಎಂಡೋಸಲ್ಫಾನನ್ನು ಲೋಟದಲ್ಲಿ ಕದಡಿ ಕುಡಿದ ಮಣ್ಣು ಮುಟ್ಟಲಾರದು. ಇವಕ್ಕೆ ಮದ್ದು ವಿಷ ಹುಟ್ಟುವ ಕಡೆಯಲ್ಲಿಯೇ ಆಗಬೇಕು: ಚಿಮಣಿಯಲ್ಲಿ, ಸಿಂಪಡಿಸುವ ಯಂತ್ರದಲ್ಲಿ, ಕಾನೂನಿನಲ್ಲಿ. ಒಂದು ಪೊಟ್ಟಣ ಮಣ್ಣು ಕೊಂಡು ಮೈ ಶುದ್ಧವಾಯಿತೆಂದು ನೆಮ್ಮದಿಗೊಂಡವರು ಗಾಳಿ, ನೀರುಗಳ ಶುದ್ಧಿಯನ್ನು ಕೇಳುವುದನ್ನೇ ಮರೆತರೆ, ಅದಕ್ಕಿಂತ ದೊಡ್ಡ ನಷ್ಟ ಬೇರೆ ಯಾವುದು?

ಮಣ್ಣು ತಾನೇ ವಿಷವನ್ನು ಹೊತ್ತು ತರುವುದೂ ಉಂಟೆಂಬುದನ್ನು ಕೊನೆಯದಾಗಿ ಹೇಳಬೇಕು. 2016ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಮಾರಾಟಕ್ಕಿದ್ದ ಒಂದು ಬೆಂಟೊನೈಟ್ ಮಣ್ಣಿನಲ್ಲಿ ಸೀಸ ಮಿತಿಮೀರಿದ್ದುದನ್ನು ಕಂಡು, ಅದನ್ನು ಬಳಸಬಾರದೆಂದು ಜನರನ್ನು ಎಚ್ಚರಿಸಿತು. ನಮ್ಮ ಸೀಮೆಗೆ ಇನ್ನೂ ಹತ್ತಿರದ ಮಾತು ಮೆಲಿಯಾಯ್ಡೋಸಿಸ್ ಎಂಬ ರೋಗದ್ದು. 1911ರಲ್ಲಿ ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ಮೊದಲು ಗುರುತಿಸಿದ ಈ ರೋಗದ ಜೀವಾಣು ಕೆಸರಿನಲ್ಲಿಯೂ ನೀರಿನಲ್ಲಿಯೂ ಬದುಕುತ್ತದೆ. ಮಲ್ಪೆ ಕಡೆಯ ಗದ್ದೆಯ ಮಣ್ಣಿನಲ್ಲಿಯೂ ಅದು ಪತ್ತೆಯಾಗಿದೆ. ದೇಶದಲ್ಲಿ ಈ ರೋಗವನ್ನು ಗುರುತಿಸುವ ಕೆಲಸದಲ್ಲಿ ಮಣಿಪಾಲದ ವೈದ್ಯರದು ಮುಖ್ಯ ಪಾತ್ರ. ಮಳೆಗಾಲದಲ್ಲಿ, ಅದರಲ್ಲಿಯೂ ಸಕ್ಕರೆ ಕಾಯಿಲೆಯವರಿಗೆ, ಅಪಾಯ ಹೆಚ್ಚು. ಕಾಲಿನ ಬಿರುಕೋ ಸಣ್ಣ ಗಾಯವೋ ಸಾಕು, ಜೀವಾಣು ಒಳಹೊಗುತ್ತದೆ. ಗಾಯಕ್ಕೆ ಹಸಿಮಣ್ಣು ಮೆತ್ತಿದರೆ ಧನುರ್ವಾಯುವಿನ ಭಯ ಬೇರೆ. ಪ್ರಕೃತಿ ಚಿಕಿತ್ಸೆಯವರು ಆಳದ ಮಣ್ಣನ್ನು ತೆಗೆದು, ಒಣಗಿಸಿ, ಜರಡಿ ಹಿಡಿದು ಬಳಸುವುದರ ಹಿಂದೆ ಈ ವಿವೇಕವಿದೆ.

ಹೀಗೆ ನೋಡಿದರೆ ಮಣ್ಣಿನ ಮದ್ದು ಪೂರ್ತಿ ನಿಜವೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ತನ್ನನ್ನು ಬಂದು ಮುಟ್ಟಿದ ಕೆಲವು ವಿಷಗಳನ್ನು ಕೆಲವು ಮಣ್ಣುಗಳು ಗಟ್ಟಿಯಾಗಿ ಹಿಡಿಯುತ್ತವೆ. ಮೈ ದಾಟಿ ಒಳಸೇರಿದುದನ್ನು ಹಿಂದಕ್ಕೆ ಕರೆಯುವ ಶಕ್ತಿ ಯಾವ ಮಣ್ಣಿಗೂ ಇಲ್ಲ. ಸೆಕೆಗೆ ಕಂಗೆಟ್ಟಾಗ ಶುದ್ಧವಾದ ಮಣ್ಣಿನ ತಂಪು ಪಟ್ಟಿಯನ್ನು ಧಾರಾಳವಾಗಿ ಹಾಕಿಸಿಕೊಳ್ಳಿರಿ. ಮುಖಕ್ಕೆ ಮುಲ್ತಾನಿ ಮಿಟ್ಟಿಯನ್ನೂ ಹಚ್ಚಿಕೊಳ್ಳಿರಿ. ಗಾಯಕ್ಕೆ ಬೇಡ, ವೈದ್ಯರು ಹೇಳದೆ ಹೊಟ್ಟೆಗೂ ಬೇಡ. ಮಳೆಗಾಲದ ಗದ್ದೆಗೆ ಇಳಿಯುವಾಗ ಕಾಲಿನ ಗಾಯವನ್ನು ಮುಚ್ಚಿಕೊಳ್ಳಿರಿ. ಮನೆಯಲ್ಲಿ ಯಾರಾದರೂ ಅಕಸ್ಮಾತ್ತಾಗಿ ತೋಟದ ಔಷಧವನ್ನು ಕುಡಿದರೆ ಯಾವ ಮನೆಮದ್ದಿಗೂ ಕಾಯದೆ, ಆ ಔಷಧದ ಡಬ್ಬಿಯನ್ನೂ ಹಿಡಿದುಕೊಂಡು, ಆ ನಿಮಿಷದಲ್ಲಿಯೇ ಆಸ್ಪತ್ರೆಗೆ ಹೊರಡಿರಿ. ಮಣ್ಣನ್ನು ಕೊಡುವುದು ಅಗತ್ಯವಿದ್ದರೆ ಅಲ್ಲಿಯ ವೈದ್ಯರೇ ಕೊಟ್ಟಾರು.